ರೇಡಿಯೇಟರಿಗೆ ಅರಿಶಿನ

ಗುಜರಿಗೆ ಹೋಗಬೇಕಾದ ಕಾರನ್ನು ಇಂಗ್ಲೆಂಡಿನ ಪ್ಲಿಮತ್ತಿನಿಂದ ಹೊರಡಿಸಿ, ಫ್ರಾನ್ಸ್, ಸ್ಪೇನ್, ಮೊರಾಕ್ಕೊ, ಮಾರಿಟೇನಿಯಾ, ಸೆನೆಗಲ್ ದಾಟಿಸಿ ಗಾಂಬಿಯಾದ ಬಾಂಜುಲ್‌ಗೆ ಮುಟ್ಟಿಸುವುದು. ಅಲ್ಲಿ ಅದನ್ನು ಹರಾಜು ಹಾಕಿ, ಬಂದ ದುಡ್ಡನ್ನು ಸ್ಥಳೀಯ ಸೇವಾ ಸಂಸ್ಥೆಗಳಿಗೆ ಕೊಟ್ಟು, ವಿಮಾನ ಹತ್ತಿ ಮನೆಗೆ ಬರುವುದು. ಇಂಗ್ಲೆಂಡಿನಲ್ಲಿ ನಾವಿರುವ ಸೀಮೆಯಲ್ಲಿ ಈ ಹುಚ್ಚು ಶುರುವಾದದ್ದು 2003ರ ಸುಮಾರಿಗೆ. ಪ್ಯಾರಿಸ್–ಡಕಾರ್ ರ‍್ಯಾಲಿಯಲ್ಲಿ ದುಡ್ಡಿದ್ದವರು ಹಣ ಸುರಿಯುವುದನ್ನು ಅಣಕಿಸಲೆಂದೇ ಎಕ್ಸೆಟರಿನ ಷೇರು ದಲ್ಲಾಳಿ ಜೂಲಿಯನ್ ನೋವಿಲ್ ಇದನ್ನು ಹುಟ್ಟುಹಾಕಿದರು. ಮೂಲ ಕಟ್ಟಳೆ ಇಷ್ಟೇ: ಕಾರಿಗೆ 100 ಪೌಂಡು, ಅದರ ತಯಾರಿಗೆ 15 ಪೌಂಡು. ಕೆಲವು ವರ್ಷಗಳ ಹಿಂದೆ ಈ ಹುಚ್ಚು ನಮ್ಮ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನಿಗೂ ಹಿಡಿಯಿತು. ಜೀವಮಾನವಿಡೀ ಬೇರೆಯವರ ಕಾಗದಗಳನ್ನು ಊರೂರಿಗೆ ಕಳಿಸಿದವನು, ಈ ಸಲ ತಾನೇ ಹೋಗುತ್ತೇನೆ ಅಂದ.

ಗಾಂಬಿಯಾ 1965ರವರೆಗೆ ಬ್ರಿಟಿಷರ ಕೈಯಲ್ಲಿದ್ದರೂ ಅಲ್ಲೀಗ ವಾಹನ ಓಡುವುದು ರಸ್ತೆಯ ಬಲಬದಿಗೆ. ಹಾಗಾಗಿ ಸ್ಟೇರಿಂಗ್ ಎಡಕ್ಕಿರುವ ಕಾರೇ ಆಗಬೇಕು. ಎಲ್ಲಿಂದಲೋ ಒಂದು ಹಳೆಯ ಫ್ರೆಂಚ್ ಕಾರು ಹಿಡಿದು ತಂದ. ಅದನ್ನು ಓಡಿಸಿ ನೋಡುವಾಗಲೆಲ್ಲ ಪಕ್ಕದಲ್ಲಿ ನಾನು. ಇಲ್ಲಿಯವರ ಕಣ್ಣಿಗೆ ಬಲಗಡೆ ಕೂತವನೇ ಡ್ರೈವರು. ಒಂದು ದಿನ ನಾನು ಪೇಪರನ್ನು ಅಗಲಕ್ಕೆ ಹರಡಿಕೊಂಡು ಓದುತ್ತಿದ್ದೆ. ಜೀಬ್ರಾ ಪಟ್ಟಿಯ ಮೇಲಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಸಮಾಧಾನ ಹೇಳಲೆಂದು ಎರಡೂ ಕೈ ಎತ್ತಿ ಮುಗಿದೆ. ಅಜ್ಜಿ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಹೋದರು.

ತಯಾರಿ ಶುರುವಾಯಿತು. ಎಂಜಿನ್ನಿನ ಬುಡಕ್ಕೆ ಕಲ್ಲು ಬಡಿಯದಂತೆ ಕಬ್ಬಿಣದ ತಗಡು. ಮರಳಲ್ಲಿ ಹೂತರೆ ಗಾಲಿಯಡಿ ತುರುಕಲು ಎರಡು ಹಲಗೆ, ಒಂದಿಷ್ಟು ಹಳೆಯ ಕಾರ್ಪೆಟ್ ತುಂಡು. ಟೈರಿನ ಗಾಳಿಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿದರೆ ಅದು ಅಗಲವಾಗಿ ಹರಡಿ ಮರಳಿನ ಮೇಲೆ ತೇಲಿಕೊಂಡು ಹೋಗುತ್ತದಂತೆ. ಆಮೇಲೆ ಮತ್ತೆ ತುಂಬಲು ಕಾಲಲ್ಲಿ ತುಳಿಯುವ ಪಂಪು. ನನ್ನ ಪಾಲಿನ ಕಾಣಿಕೆ ಎರಡೇ: ಅರ್ಧ ಕಿಲೋ ಅರಿಶಿನಪುಡಿ, ಒಂದು ಬಾರ್ ಬಟ್ಟೆಸೋಪು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಸುರಿ, ಪುಡಿ ಹೋಗಿ ತೂತಿನಲ್ಲಿ ಕೂರುತ್ತದೆ. ಪೆಟ್ರೋಲ್ ಟ್ಯಾಂಕ್ ತೊಟ್ಟಿಕ್ಕಿದರೆ ಸೋಪು ಮೆತ್ತು ಎಂದು ವಿವರಿಸಿದೆ. ನಮ್ಮ ಕಡೆಯ ಲಾರಿ ಡ್ರೈವರುಗಳ ಈ ವಿದ್ಯೆಯನ್ನು ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಇಷ್ಟು ವರ್ಷ ಈ ದೇಶದಲ್ಲಿದ್ದರೂ ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಮಾರಿಟೇನಿಯಾದ ಪೊಲೀಸ್ ತಪಾಸಣೆ ಠಾಣೆಗಳಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರು, ಉದ್ಯೋಗ, ಕಾರಿನ ವಿವರಗಳಿರುವ ಹಾಳೆ ಕೊಡಬೇಕು. ಅದಕ್ಕೆಂದು ಜೆರಾಕ್ಸ್ ಮಾಡಿಸಿದ ಕಟ್ಟು ಸ್ಟೆಪ್ನಿಗಿಂತ ಹೆಚ್ಚು ಜಾಗ ಹಿಡಿಯಿತು.

ಉಳಿದ ಜಾಗಕ್ಕೆ ಓಣಿಯವರೆಲ್ಲ ದಾನ ತಂದರು. ದಾನ ಮಾಡುವವರ ಅಟ್ಟದಲ್ಲಿ ಏನೇನಿರುತ್ತದೆ ಎಂದು ತಿಳಿದದ್ದೇ ಆಗ. ಉಣ್ಣೆಯ ಸ್ವೆಟರುಗಳು, ಅರ್ಧ ಸವೆದ ಬಳಪಗಳು, ಎರಡು ತುಂಡು ಕಡಿಮೆಯಿರುವ ಜಿಗ್‌ಸಾ ಚಿತ್ರ. ಸಹಾರಾ ದಾಟಿ ಹೋಗಲಿರುವ ಸ್ವೆಟರು! ಇಂಥ ಪ್ರಯಾಣ ನಡೆಯುವುದು ಅರ್ಧಕ್ಕಿಂತ ಹೆಚ್ಚು ಹೋಗುವವರ ಖುಷಿಗಾಗಿಯೇ. ಬರೀ ಸಹಾಯವೇ ಆಗಬೇಕೆಂದಿದ್ದರೆ ಪೆಟ್ರೋಲಿನ ದುಡ್ಡನ್ನೇ ಬ್ಯಾಂಕಿನ ಮೂಲಕ ಕಳಿಸಿದರಾಯಿತು. ನಾನು ಹಾಗಂದಾಗ ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಸಾವಿರ ಪೌಂಡು ಕೊಡಿ ಅಂದರೆ ಯಾರೂ ಬಾಗಿಲು ತೆಗೆಯಲ್ಲ, ಮರುಭೂಮಿಗೆ ಹೋಗ್ತೀನಿ ಅಂದರೆ ಒಳಗೆ ಕರೆದು ಟೀ ಕೊಡ್ತಾರೆ" ಅಂದ.

ನಾನಂತೂ ಪಡೆಯುವವರ ಸಾಲಿನಲ್ಲಿ ನಿಂತವನು. ಎಪ್ಪತ್ತರ ದಶಕದಲ್ಲಿ ನಮ್ಮೂರ ಶಾಲೆಯಲ್ಲಿ ತಟ್ಟೆ ಹಿಡಿದು, ಅಮೆರಿಕದ ಕೇರ್ ಸಂಸ್ಥೆ ಕೊಡುತ್ತಿದ್ದ ಉಪ್ಪಿಟ್ಟು ತಿಂದಿದ್ದೇನೆ. ಹಳದಿ ಬಣ್ಣ, ಅದಕ್ಕೊಂದು ವಿಚಿತ್ರ ವಾಸನೆ, ಆದರೂ ತಳದ ಸೀಕಲಿಗೆ ಜಗಳ. ಉಪ್ಪಿಟ್ಟಿಗೆಂದು ಬರುತ್ತಿದ್ದ ಎಣ್ಣೆಯ ಡಬ್ಬ, ಅದರ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಅಮೆರಿಕದವರು ಕೊಟ್ಟ ಎಣ್ಣೆ ಮುಗಿದು ಎಷ್ಟೋ ವರ್ಷವಾದ ಮೇಲೂ ನಮ್ಮಮ್ಮ ಆ ಡಬ್ಬದಲ್ಲಿ ಹುಣಸೆಹಣ್ಣು ತುಂಬಿಡುತ್ತಿದ್ದರು. ಬಾಂಜುಲ್ಲಿನಲ್ಲಿ ಈ ಕಾರನ್ನು ಕೊಳ್ಳುವವನೂ ಅಮ್ಮನ ಜಾತಿಯವನೇ ಎಂದು ನನಗೆ ಗಟ್ಟಿ ನಂಬಿಕೆ. ಸ್ವೆಟರುಗಳನ್ನು ಮಾತ್ರ ಹಟ ಮಾಡಿ ಇಳಿಸಿದೆ. ಆ ಜಾಗಕ್ಕೆ ಸ್ಪಾರ್ಕ್ ಪ್ಲಗ್, ಫ್ಯಾನ್ ಬೆಲ್ಟ್, ಹೊಸ ನೋಟ್‌ಬುಕ್ ಹೋದವು.

ಹಿಂದಿನ ಸೀಟಿನಲ್ಲಿ ಒಂದು ಜಾಗ ಖಾಲಿ ಇತ್ತು. ಬಾ ಅಂದ. ಆಸೆ ಯಾರಿಗಿಲ್ಲ? ಆದರೆ ನನ್ನದು ಇನ್ನೂ ಭಾರತದ ಪಾಸ್‌ಪೋರ್ಟು. ಬಿಡಲು ಮನಸ್ಸು ಬಂದಿಲ್ಲ. ಮಾರಿಟೇನಿಯಾದ ಅಂಚಿನಲ್ಲಿ ನೆಲಬಾಂಬುಗಳಿರುವ ಗಡಿಪಟ್ಟಿಯನ್ನು ಹೇಗೋ ದಾಟಬಹುದಿತ್ತು, ಆದರೆ ಫ್ರಾನ್ಸಿಗೆ ಕಾಲಿಡಲು ಷೆಂಗನ್ ವೀಸಾ ಬೇಕು. ವೀಸಾ ಕಚೇರಿಯವರು ಕೊಟ್ಟ ತಾರೀಖಿಗೆ ಕಾರು ಹೊರಟು ಎರಡು ವಾರವಾಗಿರುತ್ತಿತ್ತು. "ರೀ, ಬಿಡಿ, ನಿಮಗೆ ಕಾರಿನ ಹಿಂದೆ ಕೂತರೆ ವಾಂತಿ" ಅಂದಳು ನಮ್ಮನೆಯವಳು. ಅದೂ ನಿಜವೇ.

ಹೊರಡುವ ಮುನ್ನ ಅವನು ಮನೆಯ ಕೀಲಿಯನ್ನೂ ಬೆಕ್ಕನ್ನೂ ನನ್ನ ಸುಪರ್ದಿಗೆ ಕೊಟ್ಟ. ಬೆಕ್ಕಿನ ಊಟ, ನಿದ್ದೆ, ಸಿಟ್ಟು ಎಲ್ಲವನ್ನೂ ಎರಡು ಪುಟ ಬರೆದಿಟ್ಟಿದ್ದ. ಸಹಾರಾ ದಾಟುವುದರ ಬಗ್ಗೆ ಅವನ ಹತ್ತಿರ ಇದ್ದದ್ದು ಒಂದೇ ಪುಟ.