ನಾಲ್ಕಡಿ ಹಿಮ, ಹತ್ತು ಮಾತ್ರೆ

ಊರಿಂದ ಯಾರೇ ಫೋನ್ ಮಾಡಲಿ, ಮೊದಲು ಕೇಳುವುದು ಒಂದೇ: "ಅಷ್ಟು ಚಳಿ ಹೆಂಗೆ ತಡೀತೀಯಮ್ಮಾ?" ನಿಜ ಹೇಳಬೇಕೆಂದರೆ ಚಳಿ ದೊಡ್ಡ ವಿಷಯವಲ್ಲ. ಒಳಗೆ ಮೈಗಂಟುವ ಬಟ್ಟೆ, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಕೋಟು ಹಾಕಿದರೆ ಸಾಕು. (ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ.) ಕಷ್ಟ ಕೊಡುವುದು ಹಿಮದ ಭಾರ, ಅದು ದಾರಿ ಮುಚ್ಚಿಬಿಡುವ ರೀತಿ.

ನಾನು ಬೆಂಗಳೂರಿನ ಬಾಪೂಜಿ ನಗರದವಳು. ಗಂಡನ ಕೆಲಸದಿಂದಾಗಿ 2021ರಲ್ಲಿ ಅಮೆರಿಕದ ಬಫಲೋ ಊರಿಗೆ ಬಂದೆ. ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ತುದಿ, ಈರಿ ಸರೋವರದ ದಡ. ಈ ಸರೋವರದ ಉದ್ದವೇ ಸುಮಾರು 390 ಕಿ.ಮೀ., ಹೆಚ್ಚೂಕಡಿಮೆ ಬೆಂಗಳೂರಿಂದ ಹುಬ್ಬಳ್ಳಿಯಷ್ಟು. ಚಳಿಗಾಲ ಶುರುವಾದಾಗ ಅದರ ನೀರು ಗಾಳಿಗಿಂತ ಬೆಚ್ಚಗಿರುತ್ತದೆ. ಮೇಲೆ ಹಾದುಬರುವ ತಣ್ಣನೆ ಗಾಳಿ ತೇವ ಎತ್ತಿಕೊಂಡು ಬಂದು ದಡದ ಊರುಗಳ ಮೇಲೆ ಹಿಮ ಸುರಿಸುತ್ತದೆ. ಅರಬ್ಬಿ ಸಮುದ್ರದ ತೇವ ಆಗುಂಬೆ ಘಟ್ಟಕ್ಕೆ ಬಂದು ಮಳೆಯಾಗುತ್ತದಲ್ಲ, ಹೆಚ್ಚೂಕಡಿಮೆ ಹಾಗೆಯೇ.

ಆದರೆ ಮಳೆ ಹರಿದುಹೋಗುತ್ತದೆ. ಜೋರು ಮಳೆಗೆ ನಮ್ಮ ಗಾಳಿ ಆಂಜನೇಯ ದೇವಸ್ಥಾನದ ಸುತ್ತ ನೀರು ನಿಂತರೂ ಆಮೇಲೆ ಇಳಿಯುತ್ತದೆ, ಕೆಸರು ಉಳಿಯುತ್ತದೆ. ಹಿಮ ಹಾಗಲ್ಲ, ನೀವು ಎತ್ತಿಹಾಕುವ ತನಕ ಅಲ್ಲೇ ಇರುತ್ತದೆ. ಮನೆ ಮುಂದಿನ ಕಾಲುದಾರಿ ಬಿಡಿಸುವುದು ಇಲ್ಲಿ ಮನೆಯವರದೇ ಹೊಣೆ, ಕಾನೂನೇ ಇದೆ. ಒಣ ಹಿಮ ಹತ್ತಿಯಂತೆ ಹಗುರ, ಒದ್ದೆ ಹಿಮ ರುಬ್ಬಿದ ಹಿಟ್ಟಿನಂತೆ ಭಾರ. ಎತ್ತಬಾರದು, ಸಲಿಕೆಯಿಂದ ತಳ್ಳಬೇಕು. ಎತ್ತಲು ಹೋಗಿ ಹೃದಯಾಘಾತವಾದವರು ಪ್ರತಿ ವರ್ಷ ಇರುತ್ತಾರೆ.

2022ರ ಅಕ್ಟೋಬರಿನಲ್ಲಿ ಅಮ್ಮ ಬಂದಳು. ಸೀರೆಯ ಒಳಗೆ ಉಣ್ಣೆ ಪ್ಯಾಂಟು, ತಲೆಗೆ ಮಂಕಿ ಟೋಪಿ. ನಾನು ಹಿಮ ತಳ್ಳುವುದನ್ನು ಕಿಟಕಿಯಿಂದ ನೋಡಿ, "ಬಾಗಿಲು ಗುಡಿಸೋದು ಇಲ್ಲೂ ತಪ್ಪಲಿಲ್ವಲ್ಲೇ" ಅಂತ ನಕ್ಕಳು. ದಾರಿಗೆ ಉಪ್ಪು ಎರಚುವುದು ಕಂಡು, "ಕುಲ್ಫಿಯವನೂ ಐಸಿಗೆ ಉಪ್ಪೇ ಹಾಕ್ತಾನೆ" ಅಂದಳು. ಸರಿಯೇ, ಉಪ್ಪು ಬಿದ್ದರೆ ನೀರು ಸೊನ್ನೆ ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ.

ಡಿಸೆಂಬರ್ 24ಕ್ಕೆ ಅವಳ ವಾಪಸ್ ಟಿಕೆಟ್. ಬಿಪಿ ಮಾತ್ರೆ 25ರ ಬೆಳಗಿನವರೆಗೆ ಲೆಕ್ಕವಾಗಿತ್ತು.

23ರ ಶುಕ್ರವಾರ ಬಿರುಗಾಳಿ ಶುರುವಾಯಿತು. ಗಂಟೆಗೆ 110 ಕಿ.ಮೀ. ಮೀರಿದ ಗಾಳಿ. ಎದುರು ಮನೆ ಇರಲಿ, ನಮ್ಮದೇ ಮೆಟ್ಟಿಲು ಕಾಣಲಿಲ್ಲ. ವಾಹನ ಓಡಿಸಬಾರದೆಂದು ಆದೇಶವಾಯಿತು, ವಿಮಾನ ನಿಲ್ದಾಣ ಮುಚ್ಚಿತು. ಅಲ್ಲಿ ಅಳೆದ ಹಿಮವೇ ಕೊನೆಗೆ ನಾಲ್ಕು ಅಡಿ ದಾಟಿತು. ಆಂಬ್ಯುಲೆನ್ಸ್‌ಗಳೂ ಅಗ್ನಿಶಾಮಕ ಗಾಡಿಗಳೂ ದಾರಿಯಲ್ಲೇ ಹೂತುಹೋದವು.

24ರ ಬೆಳಿಗ್ಗೆ ಕರೆಂಟು ಹೋಯಿತು. ಮನೆ ಬಿಸಿಮಾಡುವ ಯಂತ್ರ ಓಡುವುದು ಗ್ಯಾಸಿನಲ್ಲಾದರೂ ಅದರ ಫ್ಯಾನು ತಿರುಗಲು ಕರೆಂಟು ಬೇಕು. ಸಂಜೆಗೆ ಮನೆಯೊಳಗೆ 7 ಡಿಗ್ರಿ. ಬೆಂಕಿಕಡ್ಡಿ ಗೀರಿ ಒಲೆ ಹಚ್ಚಿ ಕಾಫಿ ಮಾಡಿದೆ, ಆದರೆ ಕೋಣೆ ಬೆಚ್ಚಗಾಗಲೆಂದು ಉರಿಯಬಿಡಲಿಲ್ಲ. ಮುಚ್ಚಿದ ಮನೆಯಲ್ಲಿ ಅದರ ಹೊಗೆ ಕೊಲ್ಲುತ್ತದೆ, ವಾಸನೆಯೂ ಬರುವುದಿಲ್ಲ. ನಾವು ಮೂವರೂ ಒಂದೇ ಹಾಸಿಗೆಯಲ್ಲಿ, ಇದ್ದಬದ್ದ ಕಂಬಳಿಯೆಲ್ಲ ಹೊದ್ದು ಕೂತೆವು. ಅಮ್ಮ ವಿಷ್ಣು ಸಹಸ್ರನಾಮ ಹೇಳುತ್ತಾ ಹೋದಳು. ನಡುವೆ ನಿಲ್ಲಿಸಿ ಒಮ್ಮೆ ಕೇಳಿದಳು: "ನಂಗೇನಾದ್ರೂ ಆದ್ರೆ ಇಲ್ಲಿಂದ ಹೆಂಗೆ ಹೊರಗೆ ತಗೊಂಡು ಹೋಗ್ತೀರ?" ನನ್ನ ಗಂಡನಾಗಲಿ ನಾನಾಗಲಿ ಉತ್ತರ ಕೊಡಲಿಲ್ಲ.

25ರ ಮಧ್ಯಾಹ್ನ ಕರೆಂಟು ಬಂತು. ಯಂತ್ರದ ಹೊಗೆ ಹೋಗುವ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿತ್ತು, ಅದನ್ನು ಬಿಡಿಸಿದ ಮೇಲೆಯೇ ಯಂತ್ರ ಹಾಕಿದ್ದು. ಅಷ್ಟರಲ್ಲಿ ಅಮ್ಮನ ಕೊನೆಯ ಮಾತ್ರೆಯೂ ಮುಗಿದಿತ್ತು. ಎದುರು ಮನೆಯ ನಿವೃತ್ತ ನರ್ಸ್ ಒಬ್ಬರಿಗೆ ಫೋನ್ ಮಾಡಿದೆ. "ಕಂಪನಿ ಹೆಸರು ಬೇಡ, ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಓದು" ಅಂದರು. ಆಮ್ಲೋಡಿಪಿನ್, 5 ಮಿಲಿಗ್ರಾಂ. ಅವರು ನುಂಗುವುದೂ ಅದನ್ನೇ. ವಿಜಯನಗರದ ನಮ್ಮ ಡಾಕ್ಟರಿಗೆ ಫೋಟೊ ಕಳಿಸಿ ಕೇಳಿದೆವು, ಕೊಡಬಹುದು ಅಂದರು.

ಇನ್ನು ಉಳಿದದ್ದು ರಸ್ತೆ ದಾಟುವುದು, ಮೂವತ್ತಡಿ ಅಷ್ಟೆ. ನಾವು ಈ ಕಡೆಯಿಂದ, ಅವರ ಮಗ ಆ ಕಡೆಯಿಂದ ಸೊಂಟದುದ್ದದ ಹಿಮ ಬಿಡಿಸುತ್ತಾ ಬಂದೆವು. ಮುಕ್ಕಾಲು ಗಂಟೆ ಹಿಡಿಯಿತು. ನಡುರಸ್ತೆಯಲ್ಲಿ ಆತ ಹತ್ತು ಮಾತ್ರೆಯ ಪೊಟ್ಟಣ ಕೈಗಿಟ್ಟ.

ಆ ಬಿರುಗಾಳಿಗೆ ಈ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಬಿಸಿಯಿಲ್ಲದ ಮನೆಯಲ್ಲಿ. ನಗರದೊಳಗೆ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ. ಬಡವರು ಹೆಚ್ಚಿರುವ ಪೂರ್ವ ಭಾಗದ ಬೀದಿಗಳಿಗೆ ಹಿಮ ತೆಗೆಯುವ ಗಾಡಿ ತಡವಾಗಿ ಬಂತೆಂಬ ಸಿಟ್ಟು ಇನ್ನೂ ಆರಿಲ್ಲ. ನಮ್ಮಲ್ಲೂ ರಾಜಕಾಲುವೆ ಉಕ್ಕಿದರೆ ಮೊದಲು ನೀರು ನುಗ್ಗುವುದು ಯಾರ ಮನೆಗೆ ಅಂತ ನಿಮಗೆ ಗೊತ್ತೇ ಇದೆ.

29ಕ್ಕೆ ಔಷಧಿ ಅಂಗಡಿ ತೆರೆಯಿತು. ಜನವರಿ ಮೊದಲ ವಾರ ಬೇರೆ ಟಿಕೆಟ್ ಸಿಕ್ಕಿತು. ಹೊರಡುವ ಹಿಂದಿನ ದಿನ ಅಮ್ಮ ಉಳಿದ ಆರು ಮಾತ್ರೆ ಎಣಿಸಿ, ಒಂದು ಡಬ್ಬಿ ಚಟ್ನಿಪುಡಿ ಹಿಡಿದು, ನನ್ನ ತೋಳು ಆತುಕೊಂಡು ರಸ್ತೆ ದಾಟಿದಳು.