ಹಸಿರು ಗೋಡೆಯ ಊರಿನಲ್ಲಿ

2023ನೆಯ ಇಸವಿಯ ಬೇಸಗೆ ರಜೆಯಲ್ಲಿ ನಾವು ಪತ್ನೀಸಮೇತರಾಗಿ ಅಮೇರಿಕಾದ ಬಾಸ್ಟನ್ ನಗರಕ್ಕೆ ಹೋಗಿ ಬರುವ ಯೋಗ ಒದಗಿತು. ನಮ್ಮ ಅಣ್ಣನ ಮಗಳು ಆ ನಗರದ ಅಂಚಿನಲ್ಲಿ ಸಂಸಾರ ಹೂಡಿ ಹದಿನೈದು ವರ್ಷಗಳಾದವು. "ನಿವೃತ್ತಿಯಾದ ಮೇಲೆ ನೋಡೋಣವೆಂದರೆ ಆಗ ಮೊಣಕಾಲು ಕೇಳಬೇಕಲ್ಲ ಚಿಕ್ಕಪ್ಪಾ, ಈಗಲೇ ಚಿಕ್ಕಮ್ಮನನ್ನು ಕರೆದುಕೊಂಡು ಬನ್ನಿ" ಎಂದು ಅವಳು ಹಟ ಹಿಡಿದಳು. ಗಗನಚುಂಬಿ ಕಟ್ಟಡಗಳನ್ನೂ ನಯಾಗರಾ ಜಲಪಾತವನ್ನೂ ನಮಗಿಂತ ಚೆನ್ನಾಗಿ ವರ್ಣಿಸಿದವರು ಅನೇಕರಿದ್ದಾರೆ. ನಾವು ಹೇಳಹೊರಟಿರುವುದು ಒಂದು ಹಳೆಯ ಆಟವನ್ನೂ ಅದರ ಮೈದಾನದ ಒಂದು ಗೋಡೆಯನ್ನೂ ಕುರಿತು. ಹಳ್ಳಿಯ ಶಾಲಾ ಮಾಸ್ತರನಿಗೆ ಆಟದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೊನೆಯವರೆಗೆ ಓದಿದರೆ ಉತ್ತರ ದೊರೆತೀತು.

ನಾವು ಹೋದ ಸಮಯದಲ್ಲಿ ಆ ನಗರವೇ ಟೆಲಿವಿಷನ್ನಿನ ಮುಂದೆ ಕುಳಿತಿತ್ತು. ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಲ್ಲಿ ಬಾಸ್ಟನ್ನಿನ ಬ್ರೂಯಿನ್ಸ್ ತಂಡ ಆ ವರ್ಷ 65 ಪಂದ್ಯಗಳನ್ನು ಗೆದ್ದು ದಾಖಲೆ ಸ್ಥಾಪಿಸಿತ್ತು. ಆದರೆ ಎಪ್ರಿಲ್ 30ರಂದು ಅಂತಿಮ ಘಟ್ಟದ ಮೊದಲ ಸುತ್ತಿನಲ್ಲಿಯೇ ಅದು ಸೋತಾಗ ಬೀದಿಗೆ ಬೀದಿಯೇ ಸಾವಿನ ಮನೆಯಂತಾಯಿತು. ಮೇ 14ರಂದು ಬಾಸ್ಕೆಟ್‌ಬಾಲ್ ತಂಡದ ಜೇಸನ್ ಟೇಟಮ್ ಎಂಬ ಆಟಗಾರ ಒಬ್ಬನೇ 51 ಅಂಕಗಳನ್ನು ಗಳಿಸಿದನು. ಮನೆಯ ಹುಡುಗ, ಹನ್ನೆರಡರ ಪ್ರಾಯದವನು, ಸೋಫಾದ ಮೇಲೆ ನಿಂತು ಕುಣಿದನು. ಅದೇ ದಿನಗಳಲ್ಲಿ ಇನ್ನೊಂದು ಚಾನೆಲಿನಲ್ಲಿ ಬೇಸ್‌ಬಾಲ್ ನಡೆಯುತ್ತಿತ್ತು. ಆ ಕಡೆಗೆ ಯಾರೂ ತಿರುಗಿಸುತ್ತಿರಲಿಲ್ಲ. ಕಾರಣವನ್ನು ಕೇಳಿದಾಗ ಹುಡುಗನು, "ಅದು ತುಂಬ ನಿಧಾನ ಅಜ್ಜಾ, ಅಜ್ಜಂದಿರ ಆಟ" ಎಂದನು. ಮಗು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಆ ಮಾತು ನಮಗೆ ಎಲ್ಲಿಯೋ ತಾಗಿತು. ಅದನ್ನು ಆಮೇಲೆ ಹೇಳುತ್ತೇವೆ.

ನೆರೆಮನೆಯಲ್ಲಿ ಎಂಬತ್ತರ ಸಮೀಪದ ಹಿರಿಯರೊಬ್ಬರಿದ್ದರು. ಅವರೂ ಒಂದು ಕಾಲದಲ್ಲಿ ಉಪಾಧ್ಯಾಯರು. ಸಂಜೆಯಾದೊಡನೆ ಮನೆಯ ಮುಂದಿನ ಜಗಲಿಯಲ್ಲಿ ರೇಡಿಯೊ ಇಟ್ಟುಕೊಂಡು ಬೇಸ್‌ಬಾಲಿನ ವೀಕ್ಷಕ ವಿವರಣೆ ಕೇಳುತ್ತ ಕೂಡುವರು. ನಮ್ಮ ಬಾಲ್ಯದಲ್ಲಿ ಅಡಿಕೆ ಸುಲಿಯುತ್ತ ಆಕಾಶವಾಣಿಯ ಕ್ರಿಕೆಟ್ ವಿವರಣೆಗೆ ಕಿವಿಗೊಡುತ್ತಿದ್ದ ತಂದೆಯವರ ನೆನಪಾಯಿತು. ನಮ್ಮ ಹರಕು ಇಂಗ್ಲಿಷಿನಿಂದಲೂ ಅವರ ತಾಳ್ಮೆಯಿಂದಲೂ ಸ್ನೇಹ ಬೆಳೆಯಿತು.

ಅವರಿಂದಲೂ, ಊರಿನ ಗ್ರಂಥಾಲಯದ ಪುಸ್ತಕಗಳಿಂದಲೂ ತಿಳಿದುಕೊಂಡ ಸಂಗತಿ ಹೀಗಿದೆ. ಆ ದೇಶದಲ್ಲಿ ವೃತ್ತಿನಿರತ ಬೇಸ್‌ಬಾಲ್ ಮೊದಲು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡುದು 1939ರ ಆಗಸ್ಟ್ 26ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಿಂದ. 1947ರಲ್ಲಿ 'ವರ್ಲ್ಡ್ ಸೀರೀಸ್' ಎಂಬ ವರ್ಷಾಂತ್ಯದ ಪಂದ್ಯಾವಳಿಯೂ ಅದರಲ್ಲಿ ಬಂದಿತು. ಮರುವರ್ಷ ಗ್ಯಾಲಪ್ ಸಂಸ್ಥೆಯವರು ಜನರ ಮೆಚ್ಚಿನ ಆಟ ಯಾವುದೆಂದು ವಿಚಾರಿಸಿದಾಗ ನೂರಕ್ಕೆ 39 ಮಂದಿ ಬೇಸ್‌ಬಾಲ್ ಎಂದರು. ಅಮೇರಿಕನ್ ಫುಟ್‌ಬಾಲ್ ಎಂದವರು 17 ಮಂದಿ ಮಾತ್ರ. 1972ರ ಹೊತ್ತಿಗೆ ತಕ್ಕಡಿ ತಿರುಗಿತ್ತು: ಫುಟ್‌ಬಾಲಿಗೆ 36, ಬೇಸ್‌ಬಾಲಿಗೆ 21. ನಾವು ಹಿಂದಿರುಗಿದ ವರ್ಷದ ಕೊನೆಯಲ್ಲಿ ಅದೇ ಪ್ರಶ್ನೆಗೆ ಬಂದ ಉತ್ತರ 41 ಮತ್ತು 10. 1978ರ ವರ್ಲ್ಡ್ ಸೀರೀಸನ್ನು ಸರಾಸರಿ 4 ಕೋಟಿ 40 ಲಕ್ಷ ಜನರು ಟೆಲಿವಿಷನ್ನಿನಲ್ಲಿ ನೋಡಿದ್ದರು. 2023ರಲ್ಲಿ ನೋಡಿದವರು ಸುಮಾರು 91 ಲಕ್ಷ. ಅದೇ ವರ್ಷ ಫುಟ್‌ಬಾಲಿನ ಅಂತಿಮ ಪಂದ್ಯವನ್ನು 11 ಕೋಟಿಗೂ ಮಿಕ್ಕ ಜನರು ನೋಡಿದರು.

ಮೇ ತಿಂಗಳ ಒಂದು ಸಂಜೆ ಆ ಹಿರಿಯರು ನಮ್ಮೆಲ್ಲರನ್ನೂ ಫೆನ್‌ವೇ ಪಾರ್ಕ್ ಎಂಬ ಮೈದಾನಕ್ಕೆ ಕರೆದೊಯ್ದರು. ಅದು 1912ರ ಎಪ್ರಿಲ್ 20ರಂದು, ಟೈಟಾನಿಕ್ ಹಡಗು ಮುಳುಗಿದ ಐದು ದಿನಗಳಲ್ಲಿ, ಆರಂಭವಾದುದು. ದೊಡ್ಡ ಪಂದ್ಯಗಳು ಇಂದಿಗೂ ನಡೆಯುವ ಅಲ್ಲಿಯ ಮೈದಾನಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಬೀದಿಗಳ ನಡುವಿನ ಇಕ್ಕಟ್ಟಾದ ನಿವೇಶನ. ಎಡಗಡೆಗೆ ಸ್ಥಳ ಸಾಲದೆ ಎತ್ತರವಾದ ಗೋಡೆಯನ್ನು ಕಟ್ಟಿದ್ದಾರೆ. 37 ಅಡಿ 2 ಅಂಗುಲ ಎತ್ತರದ, ಗಾಢ ಹಸಿರು ಬಣ್ಣದ ಗೋಡೆ. ಅದರ ಬುಡದಲ್ಲಿ ಅಂಕಫಲಕ. ವಿದ್ಯುತ್ ದೀಪಗಳ ದೊಡ್ಡ ಪರದೆಗಳು ಬೇರೆ ಕಡೆ ಇವೆಯಾದರೂ, ಈ ಫಲಕದಲ್ಲಿ ಅಂಕೆಯ ಹಲಗೆಗಳನ್ನು ಇಂದಿಗೂ ಮನುಷ್ಯರು ಕೈಯಿಂದ ತೂಗುಹಾಕುತ್ತಾರೆ. ಗೋಡೆಯ ಒಳಗೆ ಕುಳಿತು ಅಂಕೆ ಬದಲಾಯಿಸುವ ಆ ಕೈಯನ್ನು ಕಂಡು ನಮಗೆ ಶಾಲೆಯ ಕರಿಹಲಗೆಯೇ ಕಂಡಂತಾಯಿತು. ಬಲಗಡೆಯ ಹಸಿರು ಆಸನಗಳ ನಡುವೆ ಒಂದು ಮಾತ್ರ ಕೆಂಪು ಆಸನ. 1946ರಲ್ಲಿ ಟೆಡ್ ವಿಲಿಯಮ್ಸ್ ಎಂಬ ಮಹಾನ್ ದಾಂಡಿಗ ಹೊಡೆದ ಚೆಂಡು 502 ಅಡಿ ಹಾರಿ ಅಲ್ಲಿ ಬಿದ್ದಿತಂತೆ.

ಆಟವನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ದಾಂಡು ನಮ್ಮ ಒನಕೆಯಂತೆ ಉರುಟು. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಹೊಡೆದವನು ಚೌಕದ ಮೂಲೆಗಳಂತಿರುವ ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಒಂಬತ್ತು ಇನ್ನಿಂಗ್ಸ್. ಗಡಿಯಾರ ನೋಡಿ ಮುಗಿಸುವ ಆಟ ಇದಲ್ಲ.

ಟೆಲಿವಿಷನ್ನಿಗೂ ಈ ಆಟಕ್ಕೂ ಏಕೆ ಹೊಂದಿಕೆಯಿಲ್ಲವೆಂಬುದು ಅಲ್ಲಿ ಕುಳಿತಾಗ ಮನಗಂಡಿತು. ಫುಟ್‌ಬಾಲಿನ ಅಂಗಣ ಉದ್ದನೆಯ ಆಯತ. ಆಟಗಾರರೆಲ್ಲ ಚೆಂಡಿನ ಸುತ್ತ ಗುಂಪುಗೂಡುತ್ತಾರೆ. ಪರದೆಗೆ ಅಚ್ಚು ಹೊಯ್ದಂತೆ ಹಿಡಿಸುತ್ತದೆ. ಬೇಸ್‌ಬಾಲಿನಲ್ಲಾದರೋ ಎಸೆಯುವವನೂ ಹೊಡೆಯುವವನೂ ಒಂದು ಕಡೆ, ಉಳಿದವರು ಬಯಲಿನ ತುಂಬ. ಚೆಂಡು ಎದ್ದ ಕ್ಷಣದಲ್ಲಿ ಎಲ್ಲರೂ ಏಕಕಾಲದಲ್ಲಿ ಓಡುವ ಚೆಂದವನ್ನು ಮೈದಾನದಲ್ಲಿ ಕುಳಿತ ಕಣ್ಣು ಕಾಣಬಲ್ಲುದೇ ಹೊರತು ಯಂತ್ರದ ಕಣ್ಣು ಕಾಣಲಾರದು. ಇನ್ನೊಂದು ಕಾರಣ ಸಂಖ್ಯೆಯದು. ಫುಟ್‌ಬಾಲ್ ತಂಡವೊಂದು ವರ್ಷದ ಸಾಲಿನಲ್ಲಿ ಆಡುವುದು 17 ಪಂದ್ಯ. ಒಂದೊಂದೂ ವರ್ಷಾವಧಿ ಜಾತ್ರೆಯಂತೆ. ಬೇಸ್‌ಬಾಲ್ ತಂಡ ಆಡುವುದು 162 ಪಂದ್ಯ. ಅದು ಜಾತ್ರೆಯಲ್ಲ, ನಿತ್ಯಪೂಜೆ. ಜಾತ್ರೆಗೆ ಸೇರುವ ಜನ ನಿತ್ಯಪೂಜೆಗೆ ಸೇರುವುದುಂಟೆ?

ಆದರೆ ನಿತ್ಯಪೂಜೆಗೂ ಒಂದು ಲೆಕ್ಕವಿದೆ. 2023ರ ಸಾಲಿನಲ್ಲಿ ಬೇಸ್‌ಬಾಲ್ ಮೈದಾನಗಳಿಗೆ ಟಿಕೆಟು ಕೊಂಡು ಬಂದವರು ಒಟ್ಟು 7 ಕೋಟಿಗೂ ಮಿಕ್ಕಿ. ಫುಟ್‌ಬಾಲಿಗೆ ಬಂದವರು 2 ಕೋಟಿಯನ್ನೂ ಮುಟ್ಟಲಿಲ್ಲ. ಟೆಲಿವಿಷನ್ನಿನಲ್ಲಿಯೂ ದೇಶಕ್ಕೆಲ್ಲ ಒಂದೇ ಪಂದ್ಯ ತೋರಿಸುವಾಗ ಸೋಲುವ ಈ ಆಟ, ಆಯಾ ಪ್ರಾಂತದ ಚಾನೆಲಿನಲ್ಲಿ ಊರಿನ ತಂಡ ಆಡುವಾಗ ಬೇಸಗೆಯ ರಾತ್ರಿಗಳನ್ನು ಆಳುತ್ತದೆ. ದೇಶದ ಗಣತಿಯಲ್ಲಿ ಸಣ್ಣದು. ಊರಿನ ಗಣತಿಯಲ್ಲಿ ದೊಡ್ಡದು. ಗಡಿಯ ಈಚೆಗೆ ಉಳಿದ ನಮ್ಮ ನಿಮ್ಮಂಥವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇರಳ ರಾಜ್ಯದ ಲೆಕ್ಕದಲ್ಲಿ ಕನ್ನಡವೆಷ್ಟು, ಕುಂಬಳೆಯ ಅಂಗಡಿಬೀದಿಯಲ್ಲಿ, ಮಧೂರಿನ ದೇವಸ್ಥಾನದ ಅಂಗಳದಲ್ಲಿ ಕನ್ನಡವೆಷ್ಟು ಎಂಬುದನ್ನು ನಾವು ಬಲ್ಲೆವು.

ಹಾಗೆಂದು ಆ ಆಟದವರು ಕೈಕಟ್ಟಿ ಕುಳಿತಿರಲಿಲ್ಲ. ನಾವು ಹೋದ ವರ್ಷವೇ ಮೊದಲ ಬಾರಿಗೆ ಮೈದಾನಕ್ಕೆ ಗಡಿಯಾರ ಬಂದಿತ್ತು. ನೆಲೆಗಳಲ್ಲಿ ಓಟಗಾರರಿಲ್ಲದಿದ್ದರೆ 15 ಸೆಕೆಂಡಿನೊಳಗೆ, ಇದ್ದರೆ 20 ಸೆಕೆಂಡಿನೊಳಗೆ ಚೆಂಡು ಎಸೆಯತಕ್ಕದ್ದೆಂಬ ನಿಯಮ. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿದ್ದ ಪಂದ್ಯ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಮೈದಾನಕ್ಕೆ ಬರುವವರೂ ಹೆಚ್ಚಿದರು. 2024ರಲ್ಲಿ ವರ್ಲ್ಡ್ ಸೀರೀಸ್ ನೋಡಿದವರ ಸರಾಸರಿ ಮತ್ತೆ 1 ಕೋಟಿ 58 ಲಕ್ಷಕ್ಕೆ ಏರಿತು. ನಮ್ಮ ಕಡೆ ಇಡೀ ರಾತ್ರಿಯ ಯಕ್ಷಗಾನ ಕಾಲಮಿತಿಗೆ ಇಳಿದಾಗ ನಾವು ಬಹಳ ನೊಂದುಕೊಂಡಿದ್ದೆವು. ಅದನ್ನು ಹೇಳಿದಾಗ ಆ ಹಿರಿಯರು ನಕ್ಕು, "ನಾನೂ ಗಡಿಯಾರವನ್ನು ಬೈದವನೇ. ಆದರೆ ಬೈಯಲಿಕ್ಕಾದರೂ ಆಟ ಉಳಿಯಬೇಕಲ್ಲ ಮಾಸ್ತರರೇ? ಗಡಿಯಾರ ಬಂದರೆ ಬರಲಿ, ಗೋಡೆಯನ್ನು ಮಾತ್ರ ಕೆಡವಬಾರದು" ಎಂದರು. ಅಂದು ಅವರ ತಂಡ ಸೋತಿತು. ಎಂಟನೆಯ ಇನ್ನಿಂಗ್ಸಿನ ನಡುವೆ ಸಾವಿರಾರು ಕಂಠಗಳು ಒಟ್ಟಾಗಿ ಹಾಡಿದಾಗ ನಮ್ಮ ಹುಡುಗನೂ ಎದ್ದು ನಿಂತು ಹಾಡಿದನು. ಹಿಂದಿರುಗುವಾಗ, "ಟೀವಿಯಲ್ಲಿ ಹೀಗಿರುವುದಿಲ್ಲ ಅಜ್ಜಾ" ಎಂದಷ್ಟೇ ಹೇಳಿದನು.

ಈಗ ಮೊದಲಿನ ಮಾತಿಗೆ ಬರುತ್ತೇವೆ. ನಾವು ಹೊರಡುವ ಕೆಲವು ದಿನ ಮುಂಚೆ ಒಬ್ಬ ತಂದೆ ಮಗಳ ವರ್ಗಾವಣೆ ಪತ್ರ ಕೇಳಲು ಶಾಲೆಗೆ ಬಂದಿದ್ದರು. ನಮ್ಮ ಹಳೆಯ ವಿದ್ಯಾರ್ಥಿಯೇ. "ಅಜ್ಜಿಯ ಹತ್ತಿರ ಮಾತಾಡಲು ಮನೆಯಲ್ಲಿ ಕಲಿತ ಕನ್ನಡ ಸಾಕು ಮಾಸ್ಟ್ರೇ" ಎಂದರು. ನಾವು ಪ್ರತಿನುಡಿಯದೆ ಸಹಿ ಹಾಕಿದೆವು. ಜೂನ್ ಒಂದರಂದು ಶಾಲೆ ತೆರೆದಾಗ ಕನ್ನಡ ವಿಭಾಗದ ಒಂದನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳು. ನಾವು ಸೇವೆಗೆ ಸೇರಿದ ವರ್ಷ ಮೂವತ್ತೆಂಟು ಮಕ್ಕಳಿದ್ದರು.

ಹಿಂದಿನ ವರ್ಷಗಳಲ್ಲಿ ಈ ಸಂಖ್ಯೆಗಳನ್ನು ಹಿಡಿದು ನಾವು ಸಭೆಗಳಲ್ಲಿ ಪ್ರಲಾಪಿಸುತ್ತಿದ್ದೆವು. ಅದರಿಂದ ಒಂದು ಮಗುವೂ ಹೆಚ್ಚಾಗಲಿಲ್ಲ. ಆ ವರ್ಷ ಬೇರೆ ಕೆಲಸ ಹಿಡಿದೆವು. ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳು ಕಬಡ್ಡಿಯನ್ನೋ ಕ್ರಿಕೆಟನ್ನೋ ಆಡುವಾಗ, ಏಳನೆಯ ತರಗತಿಯ ಇಬ್ಬರು ಮೈಕಿನ ಮುಂದೆ ಕುಳಿತು ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತಾರೆ. ಹಳೆಯ ಕರಿಹಲಗೆಯೊಂದನ್ನು ಹಲಸಿನ ಮರಕ್ಕೆ ಒರಗಿಸಿ ಅಂಕಗಳನ್ನು ಸೀಮೆಸುಣ್ಣದಿಂದ ಬರೆಯುತ್ತಾರೆ. ಮೊದಮೊದಲು ತಡವರಿಸುತ್ತಿದ್ದವರು ಈಗ ಅರ್ಥಗಾರಿಕೆಯವರಂತೆ ಮಾತು ಹೂಡುತ್ತಾರೆ. ಮಲೆಯಾಳ ವಿಭಾಗದ ಮಕ್ಕಳೂ ಸುತ್ತ ನಿಂತು ಕೇಳುತ್ತಾರೆ. ಅವರಲ್ಲೊಬ್ಬ ತನಗೂ ಒಂದು ವಾರ ಮೈಕು ಬೇಕೆಂದು ಬಂದನು. ಕೊಟ್ಟೆವು.

ಮರುವರ್ಷದ ಜೂನಿನಲ್ಲಿ ಒಂದನೆಯ ತರಗತಿಗೆ ಹದಿಮೂರು ಮಕ್ಕಳು ಸೇರಿದರು. ಎರಡು ಹೆಚ್ಚಾದುದಕ್ಕೆ ಮೈಕೇ ಕಾರಣವೆಂದು ನಾವು ಹೇಳುವುದಿಲ್ಲ. ಲೆಕ್ಕದ ಮಾಸ್ತರರು ಹಾಗೆ ಹೇಳಬಾರದು. ಬಾಸ್ಟನ್ನಿನ ಆ ಹಿರಿಯರಿಗೆ ಮಾತ್ರ ಪತ್ರ ಬರೆದು ಕರಿಹಲಗೆಯ ಒಂದು ಚಿತ್ರವನ್ನು ಜೊತೆಗಿಟ್ಟು ಕಳುಹಿಸಿದೆವು. 'ನಿಮ್ಮ ಗೋಡೆ ನಮ್ಮದಕ್ಕಿಂತ ಸ್ವಲ್ಪ ಎತ್ತರ' ಎಂದು ಅವರ ಉತ್ತರ ಬಂದಿತು.