ಎರಡನೇ ಹೆಸರು

ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ಯಾರು ಅಂದರೆ ಶಾಲೆ ಹುಡುಗರೂ ರಾಕೇಶ್ ಶರ್ಮಾ ಅಂತಾರೆ. ಸರಿ, ರವೀಶ್ ಮಲ್ಹೋತ್ರಾ ಯಾರು? ಗೂಗಲ್ ಮಾಡದೆ ಹೇಳಿ ನೋಡೋಣ :-)

ಮೊದಲು ಶರ್ಮಾ ಕಥೆ. ಹುಟ್ಟಿದ್ದು 1949ರಲ್ಲಿ, ಪಟಿಯಾಲಾದಲ್ಲಿ. ಆದರೆ ಬೆಳೆದಿದ್ದು, ಓದಿದ್ದು ಹೈದರಾಬಾದಿನಲ್ಲಿ. ಕಲಬುರಗಿಯವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ, ಹಾಗಾಗಿ ಅವರು ನಮ್ಮ ಕಡೆಯವರೇ ಅಂತ ನನ್ನ ಲೆಕ್ಕ! ವಾಯುಪಡೆ ಸೇರಿ 1971ರ ಯುದ್ಧದಲ್ಲಿ ಮಿಗ್-21 ಹಾರಿಸಿದರು. 1984ರ ಏಪ್ರಿಲ್ 3ರಂದು ಇಬ್ಬರು ಸೋವಿಯತ್ ಗಗನಯಾತ್ರಿಗಳ ಜೊತೆ ಸೋಯುಜ್ ಟಿ-11ರಲ್ಲಿ ಹೊರಟು, ಸಲ್ಯೂತ್-7 ನಿಲ್ದಾಣದಲ್ಲಿದ್ದು, ಏಪ್ರಿಲ್ 11ಕ್ಕೆ ಭೂಮಿಗೆ ಇಳಿದರು. ತಿನ್ನಲಿಕ್ಕೆ ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ಊಟ. ತೂಕವೇ ಇಲ್ಲದ ಜಾಗದಲ್ಲಿ ಯೋಗ ಮಾಡುವ ಪ್ರಯೋಗವನ್ನೂ ಮಾಡಿದರು.

ಎಂಟು ದಿನ, ಅಷ್ಟೇ. ಆಮೇಲೆ ಎಚ್‌ಎಎಲ್‌ನಲ್ಲಿ ಟೆಸ್ಟ್ ಪೈಲಟ್, ಮೊದಲು ನಾಸಿಕ್, ನಂತರ ಬೆಂಗಳೂರು. ವಿಮಾನ ಎಲ್ಲಿ ಕೈಕೊಡುತ್ತದೆ ಅಂತ ಆಕಾಶದಲ್ಲೇ ಹುಡುಕುವ ಕೆಲಸ. ನಾವು ಎಸಿ ರೂಮಿನಲ್ಲಿ ಬಗ್ ಹುಡುಕಿದಂಗಲ್ಲ.

ಈಗ ಮಲ್ಹೋತ್ರಾ. 1982ರಲ್ಲಿ ಆಯ್ಕೆಯಾದವರು ಇಬ್ಬರು. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯ ಪರೀಕ್ಷೆ ದಾಟಿ ಮಾಸ್ಕೋ ಪಕ್ಕದ ಸ್ಟಾರ್ ಸಿಟಿಗೆ ಹೋದವರೂ ಇಬ್ಬರು. ರಷ್ಯನ್ ಕಲಿತರು, ಸುಮಾರು ಒಂದೂವರೆ ವರ್ಷ ಒಂದೇ ತರಬೇತಿ ಪಡೆದರು. ಕೊನೆಗೆ ಹಾರಿದವರು ಶರ್ಮಾ, ಮೀಸಲು ಉಳಿದವರು ಮಲ್ಹೋತ್ರಾ. ನಮ್ಮ ಸರ್ವರ್ ಭಾಷೆಯಲ್ಲಿ ಹಾಟ್ ಸ್ಟ್ಯಾಂಡ್‌ಬೈ. ಮೊದಲನೆಯದು ಬೀಳುವ ತನಕ ಅದು ಇದೆ ಅಂತಲೂ ಯಾರಿಗೂ ಗೊತ್ತಾಗೋದಿಲ್ಲ. ಸರ್ಕಾರ ಶರ್ಮಾಗೆ ಅಶೋಕ ಚಕ್ರ ಕೊಟ್ಟಿತು, ಮಲ್ಹೋತ್ರಾಗೆ ಕೀರ್ತಿ ಚಕ್ರ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗಲೂ ಹಾಗೇ. ಅವರ ಬದಲಿಯಾಗಿ ತಯಾರಾಗಿದ್ದವರು ಪ್ರಶಾಂತ್ ನಾಯರ್.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಮನೆಯಲ್ಲೂ ಎರಡನೇ ಹೆಸರಿನವನೊಬ್ಬ ಇದ್ದಾನೆ. ನನ್ನ ಅಣ್ಣ. ನನಗಿಂತ ಎರಡು ವರ್ಷ ದೊಡ್ಡವನು. ಸಿಇಟಿ ರ‍್ಯಾಂಕು ನನ್ನದಕ್ಕಿಂತ ಚಲೋ ಇತ್ತು. ಆ ವರ್ಷವೇ ಅಪ್ಪನಿಗೆ ಲಕ್ವ ಹೊಡೆಯಿತು. ಅಣ್ಣ ಸೀಟು ಬಿಟ್ಟು ಕಮಲಾಪುರದ ಹೊಲಕ್ಕೆ ನಿಂತ. ಅವನ ನೋಟ್ಸಿನಲ್ಲೇ ನಾನು ಸಿಇಟಿಗೆ ಓದಿದೆ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿದೆ, ಬೆಂಗಳೂರಿಗೆ ಬಂದೆ.

ಕಮಲಾಪುರದ ಕೆಂಪು ಬಾಳೆ ಕೇಳಿರುತ್ತೀರಿ, ಜಿಐ ಟ್ಯಾಗ್ ಸಿಕ್ಕಿರುವ ಹಣ್ಣು. ಬೇರೆ ಬಾಳೆಯಂಗೆ ಬೇಗ ಬರೋದಿಲ್ಲ. ಗೊನೆ ಕೈಗೆ ಸಿಗಲು ಸುಮಾರು ಒಂದೂವರೆ ವರ್ಷ, ಅಷ್ಟು ದಿನ ನೀರು, ಗೊಬ್ಬರ, ಗಾಳಿಯ ಭಯ. ನನ್ನ ನಾಲ್ಕು ವರ್ಷದ ಫೀಸು ಬಂದದ್ದು ಆ ಗೊನೆಗಳಿಂದ.

ಮೊನ್ನೆ ಊರಿಗೆ ಹೋದಾಗ ಅಪ್ಪ ಹೊಲ ಇಬ್ಬರಿಗೂ ಸಮಪಾಲು ಅಂದರು. ನನ್ನ ಪಾಲೂ ಅಣ್ಣನಿಗೇ ಇರಲಿ ಅಂದೆ. ಅಣ್ಣನ ಮುಖ ಗಂಟಾಯಿತು.

"ನೀ ಹೋಗಿದ್ದಕ್ಕ ನನಗ ಬಾಡಿಗಿ ಕೊಡ್ಲತ್ತಿ ಏನು? ನಾ ಇಲ್ಲಿ ಕುಂತು ಕಾಯ್ದಿಲ್ಲ ತಮ್ಮಾ, ದುಡದೀನಿ."

ಅಪ್ಪ ಸುಮ್ಮನಾದರು. ಅವ್ವ ಚಹಾ ತಂದಳು. ಮಾತು ಅಲ್ಲಿಗೇ ನಿಂತಿತು.

ವಾಪಸ್ ಬರುವಾಗ ರೈಲಿನಲ್ಲಿ ಮಲ್ಹೋತ್ರಾ ಬಗ್ಗೆ ಓದುತ್ತಿದ್ದೆ. ಅವರೂ ಬರೀ ಶರ್ಮಾ ಹಿಂದೆ ನಿಂತವರಲ್ಲ. ವಾಯುಪಡೆಯಲ್ಲಿ ಏರ್ ಕಮೋಡೋರ್ ಆದರು, ನಿವೃತ್ತಿಯ ನಂತರ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿಯಲ್ಲಿ ವಿಮಾನದ ಭಾಗಗಳನ್ನು ಮಾಡಿಸುವ ಕೆಲಸ ಮುನ್ನಡೆಸಿದರು. ಹಾರದ ಆ ಎಂಟು ದಿನ ಬಿಟ್ಟು ಉಳಿದ ಆಯುಷ್ಯವೆಲ್ಲ ಅವರ ಸ್ವಂತದ್ದೇ. ಅಣ್ಣ ಹೇಳಿದ್ದೂ ಅದೇ ಅಲ್ಲವೇ?

ಪಾಲಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನ ಸಲ ಹೋದಾಗ "ಬಿಟ್ಟುಕೊಡ್ತೀನಿ" ಅನ್ನೋದಿಲ್ಲ. ನೋಟ್‌ಬುಕ್ ಹಿಡಿದು ಕೂತು, ಆ ಹೊಲದಲ್ಲಿ ಅವನು ಎಷ್ಟು ವರ್ಷ ದುಡಿದ, ಅದಕ್ಕೆ ಎಷ್ಟು ಬರಬೇಕು ಅಂತ ಲೆಕ್ಕ ಮಾಡೋಣ ಅಂತೀನಿ. ದಾನ ಬೇಡ ಅನ್ನುವವನು ಲೆಕ್ಕಕ್ಕೆ ಒಪ್ಪಬಹುದು.

ನಿಮ್ಮ ಮನೆಯಲ್ಲೂ ಇಂಥ ಎರಡನೇ ಹೆಸರಿನವರು ಇದ್ದಾರಾ? ಇದ್ದರೆ ಬರೀರಿ.